ಮೆಣಸಿನಕಾಯಿ ಧೂಳು: ಮೂಗಿಗೆ ಟವೆಲ್ ಕಟ್ಟಿದ್ರೆ ಸಾಕಾ? ಮೈಗೆ ಏನು ಹಾಕ್ಬೇಕು?

ಬ್ಯಾಡಗಿ: ಮೆಣಸಿನಕಾಯಿ ಸೀಜನ್ ಶುರುವಾದ್ರೆ ಊರಿನ ಗಾಳಿಯೇ ಬದಲಾಗುತ್ತೆ. ಮಾರುಕಟ್ಟೆ ರಸ್ತೆಗೆ ಬೈಕ್ ತಿರುಗಿಸಿದ ಕೂಡಲೇ ಸೀನು ಬರುತ್ತೆ. ಹೊರಗಿನಿಂದ ಬಂದವರು ಕರವಸ್ತ್ರ ಹುಡುಕ್ತಾರೆ, ನಮ್ಮವರು ನಗ್ತಾರೆ. ಆದ್ರೆ ಆ ಘಾಟಿನ ನಡುವೆಯೇ ಬೆಳಗ್ಗೆಯಿಂದ ಸಂಜೆವರೆಗೂ ಕೂತು ತೊಟ್ಟು ಬಿಡಿಸೋ ಹೆಣ್ಣುಮಕ್ಕಳು, ಚೀಲ ಹೊರೋ ಹಮಾಲರು, ಖಾರದ ಪುಡಿ ಗಿರಣಿಯಲ್ಲಿ ಕೆಲಸ ಮಾಡೋರು ಎಷ್ಟು ಜನ ಅಂತ ಇಲ್ಲಿನ ಪ್ರತಿ ಮನೆಗೂ ಗೊತ್ತು. ಪ್ರತಿ ಓಣಿಯಲ್ಲೂ ಇಂಥವರು ಒಬ್ಬರಾದರೂ ಸಿಗ್ತಾರೆ.

ಧೂಳು ಅಂದ ಕೂಡಲೇ ಎಲ್ಲರೂ ಮೂಗಿನ ಬಗ್ಗೆ ಮಾತಾಡ್ತಾರೆ. ಮಾಸ್ಕ್ ಹಾಕಿ, ಟವೆಲ್ ಕಟ್ಟಿ ಅಂತಾರೆ. ಅದು ಸರಿಯೇ, ಶ್ವಾಸಕೋಶ ಮುಖ್ಯ. ಆದ್ರೆ ಈ ಧೂಳು ದಿನವಿಡೀ ಕೂರೋದು ಚರ್ಮದ ಮೇಲೆ. ಕುತ್ತಿಗೆ, ಮುಂಗೈ, ಬೆರಳ ಸಂದಿ, ಸೊಂಟ, ಕಣ್ಣಿನ ರೆಪ್ಪೆ. ರಾತ್ರಿ ಉರಿಯಿಂದ ನಿದ್ದೆ ಬರಲ್ಲ ಅನ್ನೋ ಮಾತನ್ನ ಈ ಕೆಲಸ ಮಾಡೋರ ಮನೆಯಲ್ಲಿ ಯಾರನ್ನ ಬೇಕಾದ್ರೂ ಕೇಳಿ. ಈ ಬರಹ ಆ ಚರ್ಮದ ಬಗ್ಗೆ, ಅದನ್ನ ಕಾಯೋ ಬಟ್ಟೆಯ ಬಗ್ಗೆ.

ಉರಿ ಯಾಕೆ ಬರುತ್ತೆ, ನೀರಿಗೆ ಯಾಕೆ ಹೋಗಲ್ಲ

ಮೆಣಸಿನಕಾಯಿಯ ಖಾರಕ್ಕೆ ಕಾರಣ ಕ್ಯಾಪ್ಸೈಸಿನ್ ಅನ್ನೋ ವಸ್ತು. ಖಾರ ಇರೋದು ಬೀಜದಲ್ಲಿ ಅಂತ ನಾವೆಲ್ಲ ಅಂದ್ಕೊಂಡಿದ್ದೀವಿ. ನಿಜಕ್ಕೂ ಅದು ಹೆಚ್ಚಾಗಿ ಇರೋದು ಬೀಜ ಅಂಟಿಕೊಂಡಿರೋ ಒಳಗಿನ ಬಿಳಿ ತಿರುಳಿನಲ್ಲಿ. ಕಾಯಿ ಒಣಗಿದ ಮೇಲೆ ಆ ತಿರುಳು ಹಪ್ಪಳದ ಥರ ಪುಡಿಯಾಗುತ್ತೆ. ತೊಟ್ಟು ಕೀಳುವಾಗ ಕಾಯಿಯ ತಲೆ ಬಾಯಿ ಬಿಡುತ್ತೆ, ಒಳಗಿನ ಪುಡಿ ಹೊರಗೆ ಹಾರುತ್ತೆ. ರಾಶಿ ಹೊರಳಿಸುವಾಗ, ಚೀಲ ತುಂಬಿ ಕಾಲಲ್ಲಿ ತುಳಿಯುವಾಗ, ಚೀಲ ಎತ್ತಿ ಒಗೆಯುವಾಗಲೂ ಅದೇ ಕಥೆ.

ನಮ್ಮ ದೇಹದಲ್ಲಿ ಬಿಸಿಯನ್ನ ಗುರುತಿಸೋ ನರಗಳ ತುದಿ ಇವೆಯಲ್ಲ, ಕ್ಯಾಪ್ಸೈಸಿನ್ ನೇರ ಹೋಗಿ ಅವನ್ನೇ ಮುಟ್ಟುತ್ತೆ. ಹಾಗಾಗಿ ಬೆಂಕಿ ತಾಗದೇ ಇದ್ರೂ ಬೆಂಕಿ ತಾಗಿದೆ ಅಂತ ಮೆದುಳಿಗೆ ಸುದ್ದಿ ಹೋಗುತ್ತೆ. ಮೊದಲು ಉರಿ, ಆಮೇಲೆ ಕೆಂಪು, ದಿನಗಟ್ಟಲೆ ಮುಂದುವರಿದ್ರೆ ಊತ, ಸಿಪ್ಪೆ ಏಳೋದು, ಬಿರುಕು. ವೈದ್ಯರ ಭಾಷೆಯಲ್ಲಿ ಇದಕ್ಕೆ ‘ಹುನಾನ್ ಹ್ಯಾಂಡ್’ ಅನ್ನೋ ಹೆಸರೇ ಇದೆ. ಹುನಾನ್ ಅಂದ್ರೆ ಖಾರದ ಊಟಕ್ಕೆ ಹೆಸರಾದ ಚೀನಾದ ಒಂದು ಪ್ರಾಂತ್ಯ. ನಮ್ಮೂರಿನ ಹೆಸರು ಇಟ್ಟಿದ್ರೂ ತಪ್ಪಿರಲಿಲ್ಲ.

ಬ್ಯಾಡಗಿ ಕಾಯಿ ಅಷ್ಟು ಖಾರ ಇಲ್ಲವಲ್ಲ, ಬಣ್ಣಕ್ಕೆ ತಾನೇ ಹೆಸರು ಅಂತ ಕೇಳಬಹುದು. ನಿಜ. 2011ರಲ್ಲಿ ಭೌಗೋಳಿಕ ಗುರುತು ಸಿಕ್ಕ ನಮ್ಮ ಕಾಯಿಗೆ, ಅದರಲ್ಲೂ ಡಬ್ಬಿಗೆ, ಖಾರ ಕಮ್ಮಿ, ಬಣ್ಣ ಜಾಸ್ತಿ. ಆದ್ರೆ ಖಾರ ಕಮ್ಮಿ ಅಂದ್ರೆ ಇಲ್ಲ ಅಂತಲ್ಲ. ಅಡುಗೆಗೆ ನಾಲ್ಕು ಕಾಯಿ ಮುರಿಯೋದಕ್ಕೂ ದಿನಕ್ಕೆ ಚೀಲಗಟ್ಟಲೆ ಕಾಯಿ ಮುಟ್ಟೋದಕ್ಕೂ ವ್ಯತ್ಯಾಸ ಇದೆ. ಮೇಲಾಗಿ ಮಾರುಕಟ್ಟೆಗೆ ಈಗ ಬರೋದೆಲ್ಲ ಡಬ್ಬಿ, ಕಡ್ಡಿಯೇ ಅಲ್ಲ, ಖಾರದ ತಳಿಗಳೂ ಬರ್ತವೆ. ಗುಂಟೂರು ಕಾಯಿ ಮುಟ್ಟಿದ ಕೈಗೂ ಡಬ್ಬಿ ಮುಟ್ಟಿದ ಕೈಗೂ ಇರೋ ಫರಕು ಕೆಲಸದವರಿಗೆ ಹೇಳಿಕೊಡಬೇಕಿಲ್ಲ.

ಕ್ಯಾಪ್ಸೈಸಿನ್ ನೀರಿನಲ್ಲಿ ಕರಗಲ್ಲ, ಎಣ್ಣೆಯಲ್ಲಿ ಕರಗುತ್ತೆ. ಬರೀ ನೀರಲ್ಲಿ ಕೈ ತೊಳೆದ್ರೆ ಉರಿ ಹೋಗದೇ ಇರೋದು, ಕೆಲವು ಸಲ ಇನ್ನೂ ಹರಡಿದ ಹಾಗೆ ಅನ್ನಿಸೋದು ಇದಕ್ಕೇ. ಮೊದಲು ಅಡುಗೆ ಎಣ್ಣೆಯಲ್ಲಿ ಕೈ ಚೆನ್ನಾಗಿ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಆಮೇಲೆ ಸೋಪು ಹಚ್ಚಿ ತಣ್ಣೀರಲ್ಲಿ ತೊಳೀಬೇಕು. ತಣ್ಣೀರು ಆ ಕ್ಷಣಕ್ಕೆ ಸಮಾಧಾನ ಕೊಡುತ್ತೆ, ಖಾರ ಬಿಡಿಸೋದು ಎಣ್ಣೆ ಮತ್ತು ಸೋಪು. ಬಿಸಿನೀರು ಬೇಡ, ಉರಿ ಹೆಚ್ಚುತ್ತೆ. ಕಣ್ಣಿಗೆ ಬಿದ್ರೆ ಮಾತ್ರ ಎಣ್ಣೆ ಗಿಣ್ಣೆ ಹಾಕಬಾರದು, ಧಾರಾಳವಾಗಿ ಶುದ್ಧ ನೀರು ಹಾಯಿಸಬೇಕು, ಉಜ್ಜಲೇಬಾರದು.

“ರೂಢಿ ಆಗೇತ್ರಿ” ಅನ್ನೋ ಮಾತು

ಹಳಬರನ್ನ ಕೇಳಿದ್ರೆ ಬರೋ ಉತ್ತರ ಇದೊಂದೇ. ಅದು ಸುಳ್ಳೂ ಅಲ್ಲ. ಕ್ಯಾಪ್ಸೈಸಿನ್ ಮತ್ತೆ ಮತ್ತೆ ತಾಗಿದಾಗ ಆ ಜಾಗದ ನರದ ತುದಿಗಳು ಮಂಕಾಗ್ತವೆ, ಉರಿ ಗೊತ್ತಾಗೋದು ಕಮ್ಮಿ ಆಗುತ್ತೆ. ಇದೇ ಗುಣವನ್ನ ಬಳಸಿಕೊಂಡು ನರದ ನೋವಿಗೆ, ಕೀಲು ನೋವಿಗೆ ಕ್ಯಾಪ್ಸೈಸಿನ್ ಕ್ರೀಮ್ ಮಾಡ್ತಾರೆ, ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತೆ.

ಆದ್ರೆ ಉರಿ ಗೊತ್ತಾಗದೇ ಇರೋದು ಬೇರೆ, ಚರ್ಮಕ್ಕೆ ಹಾನಿ ಆಗದೇ ಇರೋದು ಬೇರೆ. ಒಣ ಧೂಳು ಚರ್ಮದ ಮೇಲಿನ ಎಣ್ಣೆಯಂಶ ಹೀರಿಕೊಳ್ಳುತ್ತೆ. ಬೆರಳ ತುದಿ ಒರಟಾಗಿ ಬಿರಿಯುತ್ತೆ. ಬಿರುಕಿನಲ್ಲಿ ಮತ್ತೆ ಧೂಳು ಇಳಿಯುತ್ತೆ, ಕೀವು ಆಗುತ್ತೆ. ಬೆರಳಿನ ಗೆರೆ ಸವೆದು ರೇಷನ್ ಅಂಗಡಿಯಲ್ಲಿ ಥಂಬ್ ಕೊಡೋಕೆ ಹೋದ್ರೆ ಮಷೀನ್ ತಗೊಳ್ಳಲ್ಲ ಅನ್ನೋ ತೊಂದರೆ ಕೈಕೆಲಸ ಮಾಡೋರಿಗೆಲ್ಲ ಹೊಸದಲ್ಲ.

ಇನ್ನೊಂದು ವಿಷಯ ಹೆಣ್ಣುಮಕ್ಕಳು ಬಾಯಿಬಿಟ್ಟು ಹೇಳಲ್ಲ, ಹಾಗಾಗಿ ನಾನೇ ಬರೀತೀನಿ. ಶೌಚಕ್ಕೆ ಹೋಗಿ ಬಂದ ಮೇಲೆ ಕೈ ತೊಳೆಯೋದು ನಮ್ಮ ರೂಢಿ. ಈ ಕೆಲಸದಲ್ಲಿ ಹೋಗೋದಕ್ಕಿಂತ ಮುಂಚೆಯೂ ತೊಳೀಬೇಕು. ಕೂಸಿಗೆ ಹಾಲು ಕುಡಿಸೋ ತಾಯಂದಿರು ಕೈ ಜೊತೆಗೆ ಎದೆಯನ್ನೂ ತೊಳೆದು, ಮೇಲಂಗಿ ತೆಗೆದಿಟ್ಟು ಆಮೇಲೆ ಕೂಸನ್ನ ಎತ್ತಿಕೊಳ್ಳಬೇಕು. ಇದಕ್ಕೆ ಸೋಪು, ನೀರು, ಒಂದು ಮರೆ ಇದ್ರೆ ಸಾಕು. ಆ ಮರೆಯೇ ಎಷ್ಟೋ ಕಡೆ ಇಲ್ಲ ಅನ್ನೋದು ಅಂಗಡಿ ಮಾಲೀಕರು ಯೋಚನೆ ಮಾಡಬೇಕಾದ ವಿಷಯ.

ಗಂಡನ ಹಳೇ ಫುಲ್ ಶರ್ಟ್: ಕೆಲಸಕ್ಕೆ ಬರುತ್ತಾ?

ಸೀರೆ ಮೇಲೆ ಗಂಡನ ಅಥವಾ ಮಗನ ಹಳೇ ಫುಲ್ ಶರ್ಟ್, ತಲೆಗೆ ಮುಖಕ್ಕೆ ಸೇರಿಸಿ ಒಂದು ಟವೆಲ್. ಹೊಲದಲ್ಲೂ ಇದೇ, ಮೆಣಸಿನಕಾಯಿ ಕೆಲಸಕ್ಕೂ ಇದೇ. ಯಾವ ಕಂಪನಿಯೂ ಹೇಳಿಕೊಡದೇ ನಮ್ಮ ಹೆಣ್ಣುಮಕ್ಕಳೇ ಕಂಡುಕೊಂಡ ಸುರಕ್ಷಾ ಉಡುಪು ಇದು, ಇದನ್ನ ಹಗುರ ಮಾಡಬೇಕಿಲ್ಲ. ಸಣ್ಣಪುಟ್ಟ ತಿದ್ದುಪಡಿ ಮಾಡಿದ್ರೆ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತೆ.

ಮೊದಲನೆಯದು ಬಟ್ಟೆಯ ನೇಯ್ಗೆ. ಶರ್ಟನ್ನ ಬೆಳಕಿಗೆ ಹಿಡಿದು ನೋಡಿ. ಆಚೆ ಕಡೆ ಕಿಟಕಿಯ ಸರಳು ಕಾಣಿಸಿದ್ರೆ ಧೂಳಿಗೂ ದಾರಿ ಇದೆ ಅಂತಲೇ ಅರ್ಥ. ವರ್ಷಗಟ್ಟಲೆ ತೊಟ್ಟು ತೆಳ್ಳಗಾದ ಶರ್ಟ್‌ಗಿಂತ ಸ್ವಲ್ಪ ಗಟ್ಟಿ ಇರೋ ಕಾಟನ್ ಶರ್ಟ್, ಶಾಲಾ ಯೂನಿಫಾರಂ ಪ್ಯಾಂಟಿನ ಥರದ ಒತ್ತು ನೇಯ್ಗೆ ಬಟ್ಟೆ ಒಳ್ಳೆಯದು. ಟೀ ಶರ್ಟ್, ಬನಿಯನ್ ಬಟ್ಟೆ ಹೆಣೆದದ್ದು, ನೇಯ್ದದ್ದಲ್ಲ. ಮೈಗೆ ಬಿಗಿಯಾಗಿ ಎಳೆದುಕೊಂಡಾಗ ಅದರ ಕಣ್ಣು ಅಗಲ ಆಗುತ್ತೆ, ಧೂಳು ಸಲೀಸಾಗಿ ಒಳಗೆ ಇಳಿಯುತ್ತೆ. ಪಾಲಿಯೆಸ್ಟರ್ ಮೇಲೆ ಧೂಳು ಕೊಡವಿದ್ರೆ ಬೀಳುತ್ತೆ ನಿಜ, ಆದ್ರೆ ಬೆವರು ಹೀರಲ್ಲ. ಮಾರ್ಚ್ ಬಿಸಿಲಲ್ಲಿ ಒಳಗೆಲ್ಲ ಬೆವರು ನಿಂತು, ಅದರಲ್ಲಿ ಖಾರ ಕಲಸಿ, ಮೈಗೆ ಲೇಪ ಹಚ್ಚಿದ ಹಾಗೆ ಆಗುತ್ತೆ.

ಎರಡನೆಯದು ಬಾಯಿಗಳು. ಧೂಳು ಬಟ್ಟೆಯ ಮೂಲಕ ಬರೋದಕ್ಕಿಂತ ಕಾಲರ್, ತೋಳಿನ ತುದಿ, ಗುಂಡಿ ನಡುವಿನ ಸಂದು, ಸೊಂಟ ಇವುಗಳಿಂದ ಜಾಸ್ತಿ ನುಗ್ಗುತ್ತೆ. ಮೇಲಿನ ಗುಂಡಿ ಹಾಕಿ. ತೋಳಿನ ತುದಿಗೆ ಎಲಾಸ್ಟಿಕ್ ಹೊಲಿಸಿ. ಊರಿನ ಯಾವ ಟೈಲರ್ ಕೂಡ ಹತ್ತು ನಿಮಿಷದಲ್ಲಿ ಮಾಡಿಕೊಡೋ ಕೆಲಸ. ಎಲಾಸ್ಟಿಕ್ ತೀರ ಬಿಗಿ ಬೇಡ, ಯಾಕಂದ್ರೆ ಬಿಗಿ ಇರೋ ಕಡೆ ಧೂಳು ಚರ್ಮಕ್ಕೆ ಒತ್ತಿ ಉಜ್ಜುತ್ತೆ, ಅಲ್ಲೇ ಮೊದಲು ಗುಳ್ಳೆ ಏಳುತ್ತೆ. ಬಳೆ, ಉಂಗುರ, ಕೊರಳಿನ ಅರಿಶಿನ ದಾರದ ಕೆಳಗೂ ಇದೇ ಆಗೋದು. ತೆಗೀರಿ ಅಂತ ಹೇಳಿದ್ರೆ ಯಾರೂ ತೆಗೆಯಲ್ಲ, ಹೇಳೋದೂ ಸರಿಯಲ್ಲ. ಮಧ್ಯಾಹ್ನ ಒಂದು ಸಲ, ಸಂಜೆ ಒಂದು ಸಲ ಅದರ ಕೆಳಗೆ ಸೋಪು ಹಚ್ಚಿ ತೊಳೆದ್ರೆ ಆಯ್ತು.

ಸೊಂಟದ ವಿಷಯ ಬೇರೆ. ನೆಲದ ಮೇಲೆ ಕೂತು ಮಡಿಲಲ್ಲಿ ಕಾಯಿ ಹಾಕ್ಕೊಂಡು ಬಿಡಿಸೋದ್ರಿಂದ ಎಲ್ಲ ಪುಡಿ ಬೀಳೋದು ತೊಡೆ ಮೇಲೆ, ಅಲ್ಲಿಂದ ಸೀರೆ ನಿರಿಗೆಯೊಳಗೆ. ಸೊಂಟದಿಂದ ಪಾದದವರೆಗೂ ಬರೋ ಒಂದು ದಪ್ಪ ಏಪ್ರನ್ ಇದ್ರೆ ಅರ್ಧ ತೊಂದರೆ ಅಲ್ಲೇ ನಿಲ್ಲುತ್ತೆ. ಜೇಬು ಬೇಡ, ಮಡಿಕೆ ಬೇಡ, ಇವೆಲ್ಲ ಪುಡಿ ಕೂಡಿಡೋ ಜಾಗಗಳು. ಕೂರೋಕೆ ಮೆಣಸಿನಕಾಯಿ ತುಂಬಿದ್ದ ಖಾಲಿ ಚೀಲವನ್ನೇ ಹಾಸಿಕೊಳ್ಳೋ ಅಭ್ಯಾಸ ಬಿಡಬೇಕು.

ಟವೆಲ್ ಕೂಡ ಅಷ್ಟೇ. ಮುಖಕ್ಕೆ ಕಟ್ಟಿದ ಅದೇ ಟವೆಲ್‌ನಿಂದ ಬೆವರು ಒರೆಸಿಕೊಂಡ್ರೆ ಅದರ ಹೊರಮೈಯ ಖಾರವೆಲ್ಲ ಕಣ್ಣಿಗೆ. ಬೆವರಿಗೆ ಬೇರೆ ಚಿಕ್ಕ ಬಟ್ಟೆ, ಚೀಲದೊಳಗೆ ಮುಚ್ಚಿಟ್ಟದ್ದು, ಇರಲಿ.

ಹಮಾಲರ ಲೆಕ್ಕ ಇನ್ನೊಂದು. ಸೆಕೆಗೆ ಬನಿಯನ್ ಮೇಲೆ ಇರ್ತಾರೆ, ಚೀಲ ಬೆನ್ನು, ಭುಜ, ಕುತ್ತಿಗೆಗೆ ಉಜ್ಜುತ್ತೆ, ಉಜ್ಜಿದ ಜಾಗಕ್ಕೆ ಚೀಲದ ಕಣ್ಣಿನಿಂದ ಉದುರಿದ ಪುಡಿ ಬೀಳುತ್ತೆ. ಕಾಲರ್ ಇರೋ ದಪ್ಪ ಕಾಟನ್ ಶರ್ಟ್, ಅದರ ಮೇಲೆ ತಲೆಯಿಂದ ಬೆನ್ನಿಗೆ ಇಳಿಬಿಟ್ಟ ಕೊಪ್ಪೆ. ಮಳೆಗಾಲದಲ್ಲಿ ಗೋಣಿಚೀಲ ಮಡಚಿ ಹಾಕ್ಕೊಳ್ತೀವಲ್ಲ, ಅದೇ. ಚೀಲ ಮಾತ್ರ ಒಗೆದದ್ದು ಇರಬೇಕು, ಮೆಣಸಿನಕಾಯಿ ತುಂಬಿದ್ದಲ್ಲ.

ಗ್ಲೌಸ್ ಯಾವುದು?

ಮೆಡಿಕಲ್ ಶಾಪ್‌ನಲ್ಲಿ ಸಿಗೋ ತೆಳು ಬಿಳಿ ಲೇಟೆಕ್ಸ್ ಗ್ಲೌಸ್ ಖಾರಕ್ಕೆ ನಂಬಿಕಸ್ಥ ಅಲ್ಲ. ಕ್ಯಾಪ್ಸೈಸಿನ್ ನಿಧಾನಕ್ಕೆ ಅದರ ಮೂಲಕ ಒಳಗೆ ಹೋಗುತ್ತೆ. ಆಸ್ಪತ್ರೆಗಳಲ್ಲಿ ಗಾಢ ಕ್ಯಾಪ್ಸೈಸಿನ್ ಪಟ್ಟಿ ಹಚ್ಚುವಾಗ ಸಿಬ್ಬಂದಿ ನೈಟ್ರೈಲ್ ಗ್ಲೌಸೇ ಹಾಕ್ಕೋಬೇಕು, ಲೇಟೆಕ್ಸ್ ಸಾಲದು ಅನ್ನೋ ಸೂಚನೆ ಇದೆ. ನೀಲಿ ಬಣ್ಣದಲ್ಲಿ ಬರೋದು ಹೆಚ್ಚಾಗಿ ನೈಟ್ರೈಲ್. ಡಬ್ಬದ ಮೇಲೆ ಓದಿ ಖಾತ್ರಿ ಮಾಡಿಕೊಳ್ಳಿ, ಬಣ್ಣ ನೋಡಿ ನಂಬಬೇಡಿ.

ಗ್ಲೌಸ್ ಹಾಕಿದ್ರೆ ಕೈ ಓಡಲ್ಲ ಅನ್ನೋದು ದೊಡ್ಡ ತಕರಾರು. ಕೂಲಿ ಸಿಗೋದು ಕಿಲೋ ಲೆಕ್ಕದಲ್ಲಿ. ಕೈ ನಿಧಾನ ಆದ್ರೆ ಸಂಜೆ ಕೈಗೆ ಬರೋ ದುಡ್ಡು ಕಮ್ಮಿ. ಇದನ್ನ ಬಿಟ್ಟು ಬರೀ ‘ಗ್ಲೌಸ್ ಹಾಕ್ರಿ, ಜಾಗೃತಿ ಮೂಡಿಸ್ಕೊಳ್ರಿ’ ಅಂತ ಭಾಷಣ ಮಾಡಿದ್ರೆ ಕೇಳೋರು ಯಾರು? ತೆಳು ನೈಟ್ರೈಲ್ ಗ್ಲೌಸ್‌ಗೆ ಎರಡು ಮೂರು ದಿನದಲ್ಲಿ ಕೈ ಹೊಂದಿಕೊಳ್ಳುತ್ತೆ ಅಂತ ನನ್ನ ಅನಿಸಿಕೆ. ಆ ಎರಡು ಮೂರು ದಿನದ ಕೂಲಿ ಕಡಿತ ಯಾರ ತಲೆ ಮೇಲೆ ಅನ್ನೋದು ಮಾಲೀಕರು ಮತ್ತು ಮೇಸ್ತ್ರಿ ಕೂತು ಮಾತಾಡಬೇಕಾದ ವಿಷಯ. ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಮಾತ್ರ ಹಾಕೋ ಬೆರಳು ಟೋಪಿ ಕೂಡ ಸಿಗುತ್ತೆ. ಏನೂ ಇಲ್ಲದಿದ್ದಕ್ಕಿಂತ ಅದು ವಾಸಿ.

ಕೆಲವರು ಬೆರಳಿಗೆ ಬಟ್ಟೆ ಸುತ್ತಿಕೊಳ್ತಾರೆ. ಮಧ್ಯಾಹ್ನದ ಹೊತ್ತಿಗೆ ಆ ಬಟ್ಟೆಯೇ ಖಾರ ಕುಡಿದು ಪಟ್ಟಿ ಕಟ್ಟಿದ ಹಾಗೆ ಆಗಿರುತ್ತೆ. ಸುತ್ತೋದಾದ್ರೆ ಊಟದ ಹೊತ್ತಿಗೆ ಬದಲಿಸಿ. ಗ್ಲೌಸ್ ಒಳಗೆ ಪುಡಿ ಹೋದ್ರೂ ಇದೇ ತೊಂದರೆ. ಮುಚ್ಚಿದ ಚರ್ಮ ಬೆವರಿ ಮೆತ್ತಗಾಗುತ್ತೆ, ಖಾರ ಇನ್ನೂ ಆಳಕ್ಕೆ ಇಳಿಯುತ್ತೆ. ಹರಿದ ಗ್ಲೌಸ್ ಹಾಕೋದಕ್ಕಿಂತ ಹಾಕದೇ ಇರೋದೇ ಮೇಲು. ತೆಗೆಯೋಕೆ ಮುಂಚೆ ಗ್ಲೌಸ್ ಹಾಕಿದ ಕೈಯನ್ನೇ ಸೋಪಿನಲ್ಲಿ ತೊಳೆದು, ಒಳಮೈ ಹೊರಗೆ ಬರೋ ಹಾಗೆ ಎಳೆದು ತೆಗೀಬೇಕು.

ಕೆಲಸಕ್ಕೆ ಕೂರೋ ಮುಂಚೆ ಮೈಕೈಗೆ ಕೊಬ್ಬರಿ ಎಣ್ಣೆ ಬಳಿದುಕೊಳ್ಳೋದು ಇದೆ. ಎಣ್ಣೆ ಮೈಗೆ ಧೂಳು ಜಾಸ್ತಿ ಅಂಟುತ್ತೆ, ಅಂಟಿದ ಖಾರ ಆ ಎಣ್ಣೆಯಲ್ಲೇ ಕರಗಿ ಅಲ್ಲೇ ಉಳಿಯುತ್ತೆ. ಎಣ್ಣೆಯ ಕೆಲಸ ಕೆಲಸ ಮುಗಿದ ಮೇಲೆ: ಖಾರ ಬಿಡಿಸೋಕೆ ಒಂದು ಸಲ, ತೊಳೆದು ಒರೆಸಿದ ಮೇಲೆ ಒಣಗಿದ ಚರ್ಮಕ್ಕೆ ಇನ್ನೊಂದು ಸಲ.

ಬಿಳಿ ಕವರ್‌ಆಲ್ ಎಲ್ಲರಿಗೂ ಬೇಕಾ?

ಬೇಡ. ಕೋವಿಡ್ ಟೈಮಲ್ಲಿ ಪಿಪಿಇ ಕಿಟ್ ಹಾಕ್ಕೊಂಡ ಆಂಬುಲೆನ್ಸ್ ಹುಡುಗರನ್ನ ಕೇಳಿ, ಅರ್ಧ ಗಂಟೆಯಲ್ಲಿ ಏನಾಗ್ತಿತ್ತು ಅಂತ ಹೇಳ್ತಾರೆ. ಅದು ರೋಗಿಯ ದ್ರವ ತಾಗದ ಹಾಗೆ ಪ್ಲಾಸ್ಟಿಕ್ ಪದರ ಹಾಕಿದ ಬಟ್ಟೆ, ಗಾಳಿ ಆಡಲ್ಲ. ಬಿಸಿಲಲ್ಲಿ ದಿನವಿಡೀ ಅದನ್ನ ಹಾಕಿಸಿದ್ರೆ ಚರ್ಮ ಉಳಿಯಬಹುದು, ಮನುಷ್ಯ ತಲೆ ಸುತ್ತಿ ಬೀಳ್ತಾನೆ.

ಗಾಳಿಯಲ್ಲಿ ತೇಲೋ ಒಣ ಪುಡಿಗೆ ಅಂತಲೇ ಬೇರೆ ಉಡುಪು ಇದೆ. ‘ಟೈಪ್ 5’ ಅಂತ ಅದರ ಮೇಲೆ ಬರೆದಿರುತ್ತೆ. ನೇಯದೇ ಒತ್ತಿ ಮಾಡಿದ ಹಗುರ ಬಟ್ಟೆ, ತಲೆಗೆ ಟೋಪಿ, ಕೈ ಕಾಲು ತುದಿಗೆ ಎಲಾಸ್ಟಿಕ್, ಜಿಪ್ ಮೇಲೆ ಮುಚ್ಚೋ ಪಟ್ಟಿ. ಇದು ಬೇಕಾಗೋದು ಖಾರದ ಪುಡಿ ಗಿರಣಿಯ ಒಳಗೆ, ಮಷೀನ್ ಬಿಚ್ಚಿ ಕ್ಲೀನ್ ಮಾಡುವಾಗ, ಧೂಳಿನ ಕೋಣೆ ಗುಡಿಸುವಾಗ. ಅಂದ್ರೆ ಒಂದೆರಡು ಗಂಟೆಯ ಕೆಲಸಕ್ಕೆ. ಗಿರಣಿಯ ಪುಡಿ ರಾಶಿಯ ಧೂಳಿಗಿಂತ ಎಷ್ಟೋ ನಯ, ಮಾಮೂಲಿ ಶರ್ಟಿನ ನೇಯ್ಗೆ ಅದನ್ನ ತಡೆಯಲ್ಲ. ಈ ಕವರ್‌ಆಲ್ ಹೆಚ್ಚಿನವು ಬಳಸಿ ಬಿಸಾಡೋಕೆ ಮಾಡಿದ್ದು. ಒಗೆದು ಮತ್ತೆ ಹಾಕಿದ್ರೆ ನೋಡೋಕೆ ಮಾತ್ರ ಸುರಕ್ಷಾ ಉಡುಪು.

ಇಷ್ಟೆಲ್ಲ ಬಟ್ಟೆ ಹೇಳಿದೆ ನಿಜ, ಆದ್ರೆ ಧೂಳು ಏಳದ ಹಾಗೆ ಮಾಡೋದು ಬಟ್ಟೆಗಿಂತ ಮೊದಲಿನ ಕೆಲಸ. ಗಿರಣಿಗೆ ಧೂಳು ಎಳೆಯೋ ಫ್ಯಾನ್ ಮತ್ತು ಚೀಲ, ಒಣ ಪೊರಕೆ ಬದಲು ವ್ಯಾಕ್ಯೂಮ್, ರಾಶಿಯನ್ನ ಎತ್ತರದಿಂದ ಸುರಿಯದೇ ಇಳಿಸೋದು. ಕೂರೋ ದಿಕ್ಕೂ ಮುಖ್ಯ. ಗಾಳಿ ಮುಖಕ್ಕೆ ಬರಬಾರದು ಅಂತ ಎಲ್ಲರಿಗೂ ಗೊತ್ತು. ಪೂರ್ತಿ ಬೆನ್ನಿಗೆ ಬಂದ್ರೂ ಮೈಯ ಮುಂದೆ ಗಾಳಿ ಸುಳಿ ತಿರುಗಿ ಧೂಳನ್ನ ಮುಖಕ್ಕೆ ಎತ್ತುತ್ತೆ. ಪಕ್ಕದಿಂದ ಹಾಯೋ ಹಾಗೆ ಕೂರೋದು ಉತ್ತಮ. ಕಾಯಿಗೆ ನೀರು ಚಿಮುಕಿಸಿದ್ರೆ ಧೂಳು ಕಮ್ಮಿ ಆಗುತ್ತೆ, ಆದ್ರೆ ಜಾಸ್ತಿ ಆದ್ರೆ ಬೂಸ್ಟು ಬರುತ್ತೆ, ಅಫ್ಲಾಟಾಕ್ಸಿನ್ ಅನ್ನೋ ವಿಷ ಕಟ್ಟುತ್ತೆ, ಮಾಲು ರಿಜೆಕ್ಟ್ ಆಗುತ್ತೆ. ಹಾಗಾಗಿ ಅದನ್ನ ಪರಿಹಾರ ಅಂತ ಹೇಳೋಕಾಗಲ್ಲ.

ಸಿಮೆಂಟ್ ಅಂಗಡಿಯವರೂ ಓದಿ

ಮೆಣಸಿನಕಾಯಿ ಉರಿಸಿ ಎಚ್ಚರಿಸುತ್ತೆ. ಸಿಮೆಂಟ್ ಎಚ್ಚರಿಸಲ್ಲ, ಅದೇ ಅದರ ಅಪಾಯ. ನೀರು ತಾಗಿದ ಸಿಮೆಂಟ್ ಭಾರೀ ಕ್ಷಾರ, ಪಿಎಚ್ 12ರಿಂದ 13. 50 ಕಿಲೋ ಚೀಲ ಹೊತ್ತ ಹಮಾಲನ ಕುತ್ತಿಗೆ ಮೇಲೆ ಪುಡಿ ಬೀಳುತ್ತೆ, ಬೆವರು ನೀರಿನ ಕೆಲಸ ಮಾಡುತ್ತೆ. ಆಗ ನೋವು ಅನ್ನಿಸಲ್ಲ. ಗಂಟೆಗಳ ನಂತರ ಮನೆಗೆ ಹೋಗಿ ನೋಡಿದ್ರೆ ಚರ್ಮ ಸುಟ್ಟಿರುತ್ತೆ. ಗೌಂಡಿ ಕೆಲಸದವರು ಹಸಿ ಕಾಂಕ್ರೀಟ್ ಮೇಲೆ ಮೊಣಕಾಲೂರಿ ಕೂತಾಗಲೂ ಹೀಗೇ.

ಇದರ ಜೊತೆ ಸಿಮೆಂಟಿನಲ್ಲಿ ಸ್ವಲ್ಪ ಪ್ರಮಾಣದ ಕ್ರೋಮಿಯಂ ಇರುತ್ತೆ. ಅದಕ್ಕೆ ಒಮ್ಮೆ ಅಲರ್ಜಿ ಶುರುವಾದ್ರೆ ಸಾಮಾನ್ಯವಾಗಿ ಬಿಡಲ್ಲ, ಆಮೇಲೆ ಚಿಟಿಕೆ ಸಿಮೆಂಟ್ ತಾಗಿದ್ರೂ ಕೈಯೆಲ್ಲ ನೀರ್ಗುಳ್ಳೆ. ಎಷ್ಟೋ ಮೇಸ್ತ್ರಿಗಳು ಕಸುಬನ್ನೇ ಬಿಡಬೇಕಾಗುತ್ತೆ. ಡೆನ್ಮಾರ್ಕ್ ದೇಶ 1980ರ ದಶಕದಲ್ಲೇ ಸಿಮೆಂಟಿಗೆ ಫೆರಸ್ ಸಲ್ಫೇಟ್ ಸೇರಿಸಿ ಈ ಕ್ರೋಮಿಯಂ ಹಾವಳಿ ಇಳಿಸಿತು. 2005ರಿಂದ ಯುರೋಪ್ ಒಕ್ಕೂಟವೇ ಮಿತಿ ಹಾಕಿದೆ.

ಮಾಡಬೇಕಾದ್ದು: ಕಾಲರ್ ಇರೋ ಫುಲ್ ಶರ್ಟ್, ತಲೆ ಭುಜ ಮುಚ್ಚೋ ಕೊಪ್ಪೆ, ಬೂಟಿನ ಒಳಗೆ ಪ್ಯಾಂಟ್ ಸಿಕ್ಕಿಸದೇ ಹೊರಗೆ ಬಿಡೋದು. ಒಳಗೆ ಸಿಕ್ಕಿಸಿದ್ರೆ ಪುಡಿ ನೇರ ಬೂಟಿಗೆ. ಮೈಮೇಲೆ ಬಿದ್ದ ಒಣ ಸಿಮೆಂಟನ್ನ ಮೊದಲು ಒಣ ಬಟ್ಟೆಯಲ್ಲಿ ಝಾಡಿಸಿ ಆಮೇಲೆ ಹರಿಯೋ ನೀರಲ್ಲಿ ಚೆನ್ನಾಗಿ ತೊಳೀಬೇಕು. ಇಲ್ಲಿ ಎಣ್ಣೆ ಬೇಡ.

ಪಕ್ಕದ ರಾಣೆಬೆನ್ನೂರು ಕಡೆ ಬೀಜ ಸಂಸ್ಕರಣೆ ಕೆಲಸಕ್ಕೆ ಹೋಗೋರಿಗೆ ಒಂದು ಮಾತು. ಬೀಜಕ್ಕೆ ಹಚ್ಚೋ ಬಣ್ಣದ ಪುಡಿ ಬರೀ ಬಣ್ಣ ಅಲ್ಲ, ಶಿಲೀಂಧ್ರನಾಶಕ. ಥೈರಮ್ ಥರದ ಔಷಧಿ ಚರ್ಮಕ್ಕೆ ಅಲರ್ಜಿ ತರುತ್ತೆ. ಅದು ಮೈಗೆ ಸೇರಿದ ದಿನ ಸಂಜೆ ಹೆಂಡ ಕುಡಿದ್ರೆ ಮುಖ ಕೆಂಪಾಗಿ, ಎದೆ ಹೊಡ್ಕೊಂಡು, ವಾಂತಿ ಆಗಬಹುದು. ಕುಡಿತ ಬಿಡಿಸೋಕೆ ಕೊಡೋ ಮಾತ್ರೆಯೂ ಇದೇ ಜಾತಿಯದ್ದು. ಅಲ್ಲಿ ಹಳೇ ಶರ್ಟ್ ಸಾಲದು, ಟೈಪ್ 5 ಉಡುಪು ಮತ್ತು ನೈಟ್ರೈಲ್ ಗ್ಲೌಸ್ ಬೇಕೇ ಬೇಕು.

ಬಿಸಿಲಿನ ಗುಳ್ಳೆಯೋ, ಧೂಳಿನದ್ದೋ?

ಕನ್ನಡಿ ಮುಂದೆ ನಿಂತು ಗದ್ದದ ಕೆಳಗೆ, ಕಿವಿಯ ಹಿಂದೆ, ಕಣ್ಣಿನ ಮೇಲ್ರೆಪ್ಪೆ ನೋಡಿ. ಬಿಸಿಲಿನಿಂದ ಬಂದಿದ್ರೆ ನೆರಳಿರೋ ಈ ಜಾಗಗಳು ಸಾಮಾನ್ಯವಾಗಿ ಚೆನ್ನಾಗಿರ್ತವೆ. ಗಾಳಿಯ ಧೂಳಿಗೆ ನೆರಳು ಬಿಸಿಲು ಗೊತ್ತಿಲ್ಲ, ಅದು ಅಲ್ಲೂ ಕೂರುತ್ತೆ, ಅಲ್ಲೂ ಕೆಂಪಾಗಿ ದಪ್ಪಗಾಗಿರುತ್ತೆ. ಕಾಂಗ್ರೆಸ್ ಗಿಡದ ಅಲರ್ಜಿಯೂ ಹೀಗೇ ಕಾಣುತ್ತೆ. 1950ರ ದಶಕದಲ್ಲಿ ಪುಣೆ ಕಡೆ ಮೊದಲು ಕಣ್ಣಿಗೆ ಬಿದ್ದ ಆ ಕಳೆ ಈಗ ನಮ್ಮ ಬದು, ರಸ್ತೆ ಬದಿ ಎಲ್ಲ ಇದೆ. ಅದು ಒಣಗಿ ಪುಡಿಯಾಗಿ ಗಾಳಿಯಲ್ಲಿ ತೇಲುತ್ತೆ. ರಜೆ ಇದ್ದಾಗಲೂ ಕಮ್ಮಿ ಆಗದಿದ್ರೆ ಆ ಅನುಮಾನ ಇಟ್ಕೊಳ್ಳಿ. ಕೆಲಸ ಬಿಟ್ಟ ವಾರದಲ್ಲಿ ಇಳಿದು, ಮತ್ತೆ ಹೋದ ಕೂಡಲೇ ಏರಿದ್ರೆ ಕೆಲಸದ ಧೂಳಿನದ್ದೇ.

ತುರಿಕೆ ಅಂದ ಕೂಡಲೇ ಅಂಗಡಿಯಿಂದ ಒಂದು ಟ್ಯೂಬ್ ತಂದು ಹಚ್ಚೋದು ನಮ್ಮಲ್ಲಿ ಜಾಸ್ತಿ. ಅದರಲ್ಲಿ ಸ್ಟಿರಾಯ್ಡ್ ಇರುತ್ತೆ, ಎರಡು ದಿನದಲ್ಲಿ ಮ್ಯಾಜಿಕ್ ಥರ ಕಮ್ಮಿ ಆಗುತ್ತೆ. ತಿಂಗಳುಗಟ್ಟಲೆ ಹಚ್ಚಿದ್ರೆ ಚರ್ಮ ಕಾಗದದ ಹಾಗೆ ತೆಳ್ಳಗಾಗಿ, ಧೂಳಿಗೆ ಇನ್ನೂ ಸುಲಭದ ತುತ್ತು. ವೈದ್ಯರ ಚೀಟಿ ಇಲ್ಲದೆ ಇಂಥ ಸ್ಟಿರಾಯ್ಡ್ ಮುಲಾಮು ಮಾರುವಂತಿಲ್ಲ. ಔಷಧಿ ಅಂಗಡಿಯವರಿಗೆ ಇದು ಗೊತ್ತಿರೋ ವಿಷಯವೇ. ಡಾಕ್ಟರ್ ಹತ್ರ ಹೋದಾಗ ಬರೀ ‘ತುರಿಕೆ’ ಅನ್ನದೇ ಏನು ಕೆಲಸ, ಯಾವ ಧೂಳು ಅಂತ ಹೇಳಿ.

ಮಾಲೀಕರ ಜವಾಬ್ದಾರಿ ಎಷ್ಟು?

1948ರ ಕಾರ್ಖಾನೆ ಕಾಯ್ದೆಯಲ್ಲೇ ಧೂಳನ್ನ ಅದು ಏಳೋ ಜಾಗದಲ್ಲೇ ಎಳೆದು ಹೊರಹಾಕಬೇಕು, ತೊಳೆಯೋಕೆ ಜಾಗ ಕೊಡಬೇಕು ಅಂತ ಇತ್ತು. ಈಗ ಅದರ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಬಂದಿದೆ, 2025ರ ನವೆಂಬರ್ 21ರಿಂದ ಜಾರಿ. ಕರೆಂಟ್ ಬಳಸೋ ಕಡೆ 20, ಬಳಸದ ಕಡೆ 40 ಕೆಲಸಗಾರರಿದ್ರೆ ಕಾರ್ಖಾನೆ ಅಂತ ಲೆಕ್ಕ. ಸುರಕ್ಷತೆಗೆ ಅಂತ ಕೊಟ್ಟ ವಸ್ತುವಿನ ದುಡ್ಡನ್ನ ಕೂಲಿಯಲ್ಲಿ ಹಿಡಿಯುವಂತಿಲ್ಲ. ಇಎಸ್ಐ ಇರೋ ಕಡೆ, ಅಂದ್ರೆ 10 ಜನಕ್ಕಿಂತ ಕಮ್ಮಿ ಇಲ್ಲದ, ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳದವರಿಗೆ, ಚರ್ಮದ ಚಿಕಿತ್ಸೆ ಅದರಲ್ಲೇ ಆಗುತ್ತೆ. ಕೆಲಸದಿಂದ ಬರೋ ಚರ್ಮದ ಕಾಯಿಲೆ ಔದ್ಯೋಗಿಕ ಕಾಯಿಲೆಗಳ ಪಟ್ಟಿಯಲ್ಲೂ ಇದೆ.

ನಮ್ಮಲ್ಲಿ ತೊಡಕು ಏನಂದ್ರೆ ತೊಟ್ಟು ಬಿಡಿಸೋರು ಹೆಚ್ಚಾಗಿ ಯಾರ ಹಾಜರಿ ಪುಸ್ತಕದಲ್ಲೂ ಇರಲ್ಲ. ಇವತ್ತು ಈ ಅಂಗಡಿ, ನಾಳೆ ಆ ಅಂಗಡಿ. ಕಾನೂನು ಬರೋವರೆಗೂ ಕಾಯದೇ ಒಂದು ಅಂಗಡಿ ಮಾಡಬಹುದಾದ್ದು: ನೆರಳಿರೋ ಕಡೆ ಒಂದು ನಲ್ಲಿ, ಸೋಪು, ಒಂದು ಬಾಟಲಿ ಅಡುಗೆ ಎಣ್ಣೆ, ಒರೆಸೋ ಬಟ್ಟೆ, ಬಟ್ಟೆ ಬದಲಿಸೋಕೆ ತಟ್ಟಿ ಮರೆ. ಇದಕ್ಕೆ ಲಕ್ಷ ರೂಪಾಯಿ ಬೇಕಿಲ್ಲ.

ಮನೆಗೆ ಹೋಗೋ ಮುಂಚೆ

ಗಿರಣಿಗಳಲ್ಲಿ ಸಂಜೆ ಕಂಪ್ರೆಸರ್ ಪೈಪ್ ಹಿಡಿದು ಮೈಮೇಲಿನ ಧೂಳು ಹಾರಿಸಿಕೊಳ್ತಾರೆ. ದಯವಿಟ್ಟು ನಿಲ್ಲಿಸಿ. ಆ ಒತ್ತಡಕ್ಕೆ ಪುಡಿ ಬಟ್ಟೆಯೊಳಗೆ, ಚರ್ಮಕ್ಕೆ, ಕಣ್ಣಿಗೆ ನುಗ್ಗುತ್ತೆ. ಶರ್ಟನ್ನ ಕೊಡವಬೇಡಿ, ಗುಂಡಿ ಬಿಚ್ಚಿ ಹೊರಮೈ ಒಳಗಾಗೋ ಹಾಗೆ ಸುತ್ತಿ ತೆಗೀರಿ, ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ತೆಗೆಯೋವಾಗ ಮುಖದ ಟವೆಲ್ ಕೊನೆಗೆ, ಕೈ ತೊಳೆದ ಮೇಲೆ. ಕೆಲಸದ ಬಟ್ಟೆಯಲ್ಲೇ ಮನೆಗೆ ಹೋದ್ರೆ ಓಡಿ ಬಂದು ತೊಡೆ ಏರೋ ಮಕ್ಕಳ ಮುಖ ನೇರ ಆ ಶರ್ಟಿಗೇ ಉಜ್ಜುತ್ತೆ.

ಒಗೆಯೋದು ಬೇರೆ ಬಕೆಟ್. ಮಕ್ಕಳ ಬಟ್ಟೆ, ಟವೆಲ್ ಜೊತೆ ಸೇರಿಸಬಾರದು. ಬಟ್ಟೆಗೆ ಬಿಸಿನೀರು ಬೇಕು, ಡಿಟರ್ಜೆಂಟ್ ಜಾಸ್ತಿ ಹಾಕಿ ಅರ್ಧ ಗಂಟೆ ನೆನೆಸಿ, ಯಾಕಂದ್ರೆ ಬಟ್ಟೆಗೆ ಹಿಡಿದಿರೋದು ಎಣ್ಣೆಯಂಥ ಖಾರ. ಒಗೆಯೋ ಕೈಗೂ ಗ್ಲೌಸ್ ಇರಲಿ, ಬಟ್ಟೆಯ ಖಾರ ನೀರಿಗೆ ಇಳಿದು ಕೈಗೇ ಬರುತ್ತೆ. ಎರಡು ಜೊತೆ ಶರ್ಟ್, ಏಪ್ರನ್ ಇದ್ರೆ ಒಂದು ಒಣಗುವಾಗ ಇನ್ನೊಂದು ಮೈಮೇಲೆ ಇರುತ್ತೆ. ಒಂದೇ ಇದ್ರೆ ನಿನ್ನೆಯ ಖಾರವನ್ನೇ ಇವತ್ತೂ ಹಾಕ್ಕೊಂಡು ಕೂತ ಹಾಗೆ.